ಗ್ರಾಹಕನಿಗೆ ನೆಲೆಸಿದ ಊರಿನಲ್ಲೇ ನ್ಯಾಯ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನೊಬ್ಬನು ರಜೆಗೆಂದು ಹುಬ್ಬಳ್ಳಿಗೆ ಹೋದಾಗ ಅಲ್ಲಿ ಮನೆಬಳಕೆಗೆ ಮಿಕ್ಸರ್ ಕೊಂಡನೆಂದು ಭಾವಿಸೋಣ. ಮರಳಿ ಬಂದ ತಿಂಗಳೊಳಗೇ ಅದು ಕೆಟ್ಟಿತು. ಅಂಗಡಿಯವನು ಪತ್ರಕ್ಕೆ ಉತ್ತರಿಸಲಿಲ್ಲ. ಆತನಿಗೆ ದಾರಿ ಯಾವುದು?

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಾರಾಟಗಾರನ ವಾಸ ಅಥವಾ ವ್ಯವಹಾರವಿದ್ದಲ್ಲಿ, ಇಲ್ಲವೆ ವ್ಯಾಜ್ಯಕಾರಣ ಉದ್ಭವಿಸಿದಲ್ಲಿ ದೂರು ಸಲ್ಲಿಸಬೇಕಾಗಿತ್ತು. ಸಣ್ಣ ಮೊತ್ತಕ್ಕಾಗಿ ಯಾರು ತಾನೇ ಮತ್ತೆ ಮತ್ತೆ ರೈಲು ಹತ್ತಿಯಾರು? 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯಿದೆಯು ಈ ತೊಡಕನ್ನು ನಿವಾರಿಸಿತು. ಈಗ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು.

ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೂ, 2 ಕೋಟಿಯವರೆಗೆ ರಾಜ್ಯ ಆಯೋಗವೂ, ಅದಕ್ಕೂ ಮೇಲ್ಪಟ್ಟರೆ ರಾಷ್ಟ್ರೀಯ ಆಯೋಗವೂ ವಿಚಾರಣೆ ನಡೆಸುತ್ತವೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ಆದರೆ ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು.

ಹಣ ತೆತ್ತು ಪಡೆದ ಚಿಕಿತ್ಸೆಯೂ ಈ ಕಾನೂನಿನಡಿ ‘ಸೇವೆ’ಯೇ ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದೆ. ಆದುದರಿಂದ ಆಸ್ಪತ್ರೆಯ ಬಿಲ್ಲು, ಔಷಧಿ ಚೀಟಿ, ಪರೀಕ್ಷಾ ವರದಿಗಳನ್ನು ಜೋಪಾನವಾಗಿಡುವುದು ಅವಶ್ಯಕ.

‘ಬಿಲ್ಲು ಬೇಡವೆಂದರೆ ಬೆಲೆ ಇಳಿಸುತ್ತೇವೆ’ ಎಂಬ ಮಾತಿಗೆ ಮರುಳಾಗುವವರು ಹಲವರು. ಉಳಿಯುವುದು ನಾಲ್ಕು ಕಾಸು. ಕಳೆದುಕೊಳ್ಳುವುದು ಮುಖ್ಯವಾದ ಸಾಕ್ಷ್ಯ. ಕಾನೂನು ಮನೆಯ ಸಮೀಪಕ್ಕೇ ಬಂದಿದೆ. ಕೈಯಲ್ಲಿ ರಸೀದಿಯಿದ್ದವನಿಗೆ ಅದರ ಬಾಗಿಲು ತಟ್ಟುವುದು ಸುಲಭ.