ಉಬ್ಬುವ ನೆಲದಲ್ಲಿ ಸೇತುವೆಗೆ ಕಾಲು

ಬೇಸಿಗೆಯ ಕೊನೆಗೆ ಗದಗ ಸೀಮೆಯ ಎರಿ ಹೊಲದಲ್ಲಿ, ಅಂದರೆ ಕಪ್ಪು ಜೇಡಿ ಮಣ್ಣಿನ ಹೊಲದಲ್ಲಿ, ನಡೆಯುವವರು ನೆಲ ನೋಡಿಕೊಂಡೇ ಕಾಲಿಡಬೇಕು. ಬಿರುಕಿನೊಳಗೆ ಕೈ ಇಳಿಸಿದರೆ ಮೊಣಕೈ ಮುಳುಗುತ್ತದೆ. ಎರಡು ಹದ ಮಳೆ ಬಿದ್ದರೆ ಸಾಕು, ಅದೇ ನೆಲ ಬಾಯಿ ಮುಚ್ಚಿಕೊಂಡು ಉಬ್ಬುತ್ತದೆ, ಚಕ್ಕಡಿಯ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಹಿಂಗಾರಿ ಜೋಳಕ್ಕೂ ಕಡಲೆಗೂ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಕುಡಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಬೆಳೆಗೆ ಉಣಿಸುವ ಮಣ್ಣು ಇದು. ನಾಗಾವಿಯನ್ನು ದಾಟಿ ಕಪ್ಪತಗುಡ್ಡದ ಕಡೆಗೆ ಹೊರಟರೆ ಕಾಲ ಕೆಳಗಿನ ನೆಲ ಕೆಂಪಾಗುತ್ತದೆ, ಗರಸು ಸಿಗುತ್ತದೆ, ಕಲ್ಲು ತಲೆ ಎತ್ತುತ್ತದೆ. ಈ ಎರಡು ನೆಲಗಳ ನಡುವೆ ಹೆದ್ದಾರಿ ಹಾಯಿಸುವುದೆಂದರೆ ಎರಡು ಸ್ವಭಾವದವರ ಜೊತೆ ಒಂದೇ ಮನೆಯಲ್ಲಿ ಸಂಸಾರ ಮಾಡಿದಂತೆ.

ಹುಬ್ಬಳ್ಳಿಯಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಗದಗ–ಬೆಟಗೇರಿಯ ಪೇಟೆಯೊಳಗೆ ನುಗ್ಗದೆ ಬೈಪಾಸಾಗಿ ಹೊರಗಿನಿಂದ ಸುತ್ತಿ ಸಾಗುತ್ತದೆ. ಲಾರಿಯಲ್ಲಿ ಹೋಗುವವರಿಗೆ ಅದು ಉಳಿದ ಅರ್ಧ ಗಂಟೆ. ಕಟ್ಟುವವರಿಗೆ ಮಾತ್ರ ಅದು ಮಣ್ಣಿನೊಂದಿಗೆ ನಡೆಸುವ ದೀರ್ಘ ಮಾತುಕತೆ. ಇಂಥ ರಸ್ತೆಗಳ ಕೆಲಸ ನಡೆಯುವಾಗ ಬದಿಯಲ್ಲಿ ನಿಂತು ನೋಡುವುದು ನನಗೆ ಹಳೆಯ ಚಟ. ನೋಡಿದಷ್ಟೂ ಆ ಕೈಗಳ ಮೇಲಿನ ಗೌರವ ಹೆಚ್ಚಾಗಿದೆ.

ಎರಿ ಮಣ್ಣು ಉಬ್ಬುವುದೇಕೆ? ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಒಂದರ ಮೇಲೊಂದು ಒಟ್ಟಿದ ಅತಿ ತೆಳುವಾದ ಹಾಳೆಗಳಂತೆ ಅದರ ರಚನೆ. ನೀರು ಬಂದಾಗ ಹಾಳೆಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ, ಒಣಗಿದಾಗ ಅವು ಮತ್ತೆ ಒತ್ತಿಕೊಳ್ಳುತ್ತವೆ. ಎಕರೆಗಟ್ಟಲೆ ನೆಲ ವರ್ಷಕ್ಕೊಮ್ಮೆ ಉಸಿರು ಎಳೆದು ಬಿಡುತ್ತದೆ ಎನ್ನಿ. ಅದರ ಮೇಲೆ ನೇರವಾಗಿ ಡಾಂಬರು ಹಾಸಿದರೆ ಮೂರು ಮಳೆಗಾಲದೊಳಗೆ ರಸ್ತೆ ಅಲೆಯಾಗುತ್ತದೆ.

ಈ ನೆಲವನ್ನು ಒಲಿಸಿಕೊಳ್ಳುವ ಒಂದು ಬಗೆಗೆ ನಮ್ಮ ಜಿಲ್ಲೆಯ ನಂಟಿದೆ. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಎರಿ ಮಣ್ಣನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮೇಲಿನ ಸುಮಾರು 1 ಮೀಟರ್ ಮಣ್ಣು ಎಷ್ಟೇ ಉಬ್ಬಲಿ, ಅದರ ಕೆಳಗಿನದು ಅಲುಗಾಡದೆ ಇರುವುದನ್ನು ಅವರು ಗಮನಿಸಿದರು. ಹಾಗಾದರೆ ಮೇಲಿನ ಪದರದ ಜಾಗದಲ್ಲಿ ಉಬ್ಬದ, ಆದರೆ ಅಂಟಿ ಹಿಡಿಯುವ ಗುಣವಿರುವ ಗರಸಿನಂಥ ಮಣ್ಣನ್ನು ತುಂಬಿ ಗಟ್ಟಿ ಮಾಡಿದರೆ ಕೆಳಗಿನ ಎರಿ ಸುಮ್ಮನಿರುತ್ತದೆ ಎಂದು ತೋರಿಸಿಕೊಟ್ಟರು. ನರಗುಂದ, ನವಲಗುಂದ ಸೀಮೆಯ ಎರಿ ನೆಲದಲ್ಲಿ ಹರಿಯುವ ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಈ ವಿಧಾನ ಕೆಲಸಕ್ಕೆ ಬಂತು. ಇವತ್ತು ರಸ್ತೆಯ ಏರಿ ಕಟ್ಟುವವರು ಎರಿ ತೆಗೆದು ಗರಸು ತುಂಬಿ, ನೀರು ಹದಮಾಡಿ, ಪದರ ಪದರವಾಗಿ ರೋಲರ್ ಓಡಿಸುವುದರ ಹಿಂದೆ ಈ ತಿಳಿವಳಿಕೆಯಿದೆ. ಕೆಲವೆಡೆ ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬರ ಇಳಿಸುವುದೂ ಉಂಟು.

ರಸ್ತೆಗೆ ಅಷ್ಟು ಸಾಕು. ಸೇತುವೆಗೆ ಸಾಲದು. ಅದರ ಕಾಲು ಎರಿಯನ್ನು ಪೂರ್ತಿ ದಾಟಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು. ಬಂಡೆ ಮೇಲೆಯೇ ಸಿಕ್ಕರೆ ಅಗೆದು ಅಡಿಪಾಯ ಹಾಕುತ್ತಾರೆ. ಆಳದಲ್ಲಿದ್ದರೆ ಪೈಲ್, ಅಂದರೆ ನೆಲದಾಳಕ್ಕೆ ಹೋಗುವ ಕಾಂಕ್ರೀಟ್ ಕಂಬ, ಇಳಿಸಬೇಕು. ದೊಡ್ಡ ಗಿರಮಿಟ್ಟಿನಂಥ ಯಂತ್ರ ನೆಲವನ್ನು ಕೊರೆಯುತ್ತಾ ಹೋಗುತ್ತದೆ. ಕುಳಿ ಆಳವಾದಂತೆ ಬದಿಯ ಮಣ್ಣು ಕುಸಿಯಲು ನೋಡುತ್ತದೆ. ಅದನ್ನು ತಡೆಯಲು ಕುಳಿಯ ತುಂಬ ಬೆಂಟೊನೈಟ್ ಎಂಬ ಜೇಡಿ ಕದಡಿದ ರಾಡಿ ನಿಲ್ಲಿಸುತ್ತಾರೆ. ಬೆಂಟೊನೈಟಿನ ಮುಖ್ಯ ಅಂಶ ಯಾವುದು ಎಂದು ತಿಳಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದ್ದೆ: ಅದೇ ಮಾಂಟ್‌ಮೊರಿಲೊನೈಟ್. ಹೊಲವನ್ನು ಉಬ್ಬಿಸಿ ಗೋಡೆ ಸೀಳುವ ಖನಿಜವೇ ಇಲ್ಲಿ ಕುಳಿಯ ಗೋಡೆಗೆ ತೆಳುವಾದ ಪೊರೆ ಕಟ್ಟಿ, ಒಳಗಿನಿಂದ ಒತ್ತಿ ಹಿಡಿದು ಕಾಯುತ್ತದೆ.

ಆಮೇಲೆ ಕಬ್ಬಿಣದ ಸರಳುಗಳ ಪಂಜರ ಇಳಿಯುತ್ತದೆ. ಕಾಂಕ್ರೀಟನ್ನು ಮೇಲಿನಿಂದ ಸುರಿಯುವಂತಿಲ್ಲ, ಸುರಿದರೆ ರಾಡಿಯೊಡನೆ ಕಲೆತು ಕೆಡುತ್ತದೆ. ಟ್ರೆಮಿ ಎಂಬ ಉದ್ದ ಕೊಳವೆಯನ್ನು ತಳದವರೆಗೆ ಇಳಿಸಿ ಅದರ ಮೂಲಕ ಬಿಡುತ್ತಾರೆ. ಕಾಂಕ್ರೀಟ್ ತಳದಿಂದ ಏರುತ್ತಾ ಹಗುರವಾದ ರಾಡಿಯನ್ನು ಮೇಲಕ್ಕೆ ನೂಕುತ್ತದೆ. ಕೊಳವೆಯ ತುದಿ ಯಾವಾಗಲೂ ಹಸಿ ಕಾಂಕ್ರೀಟಿನೊಳಗೇ ಹುದುಗಿರಬೇಕು. ಒಂದು ಗಳಿಗೆ ಹೊರಬಂದರೂ ನಡುವೆ ರಾಡಿ ಹೊಕ್ಕು ಪೈಲಿನ ಸೊಂಟವೇ ಮುರಿದಂತೆ. ಆದ್ದರಿಂದ ಶುರು ಮಾಡಿದ ಮೇಲೆ ನಿಲ್ಲಿಸುವಂತಿಲ್ಲ, ನಡುರಾತ್ರಿಯಾದರೂ ಸರಿ. ಕೊಳವೆ ಎಷ್ಟು ಎತ್ತಬೇಕೆಂದು ಅಳೆದು ಅಳೆದು ಹೇಳುವ ಮೇಸ್ತ್ರಿಯ ಕಣ್ಣಿಗೆ ಕೆಳಗಿನದೇನೂ ಕಾಣುವುದಿಲ್ಲ. ಲೆಕ್ಕ, ಹಗ್ಗದ ತುದಿಗೆ ಕಟ್ಟಿದ ಗುಂಡು, ಅನುಭವ, ಇಷ್ಟರಿಂದಲೇ ಅವನು ನೋಡುತ್ತಾನೆ.

ಕಾಲಿನ ಮೇಲೆ ಕೂರುವ ತೊಲೆಯದು ಬೇರೆಯೇ ಜಾಣ್ಮೆ. ಇದೇ ಹೆದ್ದಾರಿಯ ಮೇಲಿರುವ ಲಕ್ಕುಂಡಿಯ ಗುಡಿಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಕಲ್ಲು ಎಷ್ಟು ಒತ್ತಿದರೂ ತಾಳುತ್ತದೆ, ಎಳೆದರೆ ಸೀಳುತ್ತದೆ. ಅಗಲವಾದ ತೆರಪಿಗೆ ಅಡ್ಡ ಇಟ್ಟ ಕಲ್ಲಿನ ತೊಲೆ ಭಾರಕ್ಕೆ ಬಾಗಿದಾಗ ಕೆಳಮೈ ಹಿಗ್ಗಿ ಒಡೆಯುತ್ತದೆ. ಕಾಂಕ್ರೀಟಿಗೂ ಅದೇ ದೌರ್ಬಲ್ಯ. ಅದಕ್ಕೆ ಉತ್ತರ ನಮ್ಮ ಕಮ್ಮಾರನ ಕುಲುಮೆಯ ಮುಂದೆ ಮೊದಲಿನಿಂದಲೂ ಇತ್ತು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಏರಿಸಿ ನೀರು ಹೊಯ್ಯುತ್ತಾರೆ. ಹಳಿ ಆರಿ ಕುಗ್ಗುತ್ತಾ ಕಟ್ಟಿಗೆಯ ತುಂಡುಗಳನ್ನೆಲ್ಲ ಬಿಗಿದು ಒಂದು ಮಾಡುತ್ತದೆ. ಭಾರ ಬೀಳುವ ಮೊದಲೇ ಬಿಗಿದಿಡುವುದು, ಇಷ್ಟೇ ಗುಟ್ಟು. ಫ್ರಾನ್ಸಿನ ಯುಜೀನ್ ಫ್ರೆಸಿನೆ 1928ರಲ್ಲಿ ಕಾಂಕ್ರೀಟಿಗೆ ಇಂಥ ಬಿಗಿತ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು.

ತೊಲೆ ಎರಕ ಹೊಯ್ಯುವಾಗಲೇ ಅದರೊಳಗೆ ಬಾಗಿದ ಕೊಳವೆಗಳನ್ನು ಬಿಟ್ಟಿರುತ್ತಾರೆ. ದಿನಗಟ್ಟಲೆ ಗೋಣಿತಟ್ಟು ಹೊದಿಸಿ ನೀರುಣಿಸಿ, ಕಾಂಕ್ರೀಟು ಬೇಕಾದಷ್ಟು ಬಲ ಪಡೆದ ಮೇಲೆ ಉಕ್ಕಿನ ಕೇಬಲ್ ತೂರಿಸಿ ಜಾಕಿಯಿಂದ ಜಗ್ಗುತ್ತಾರೆ. ಆಗ ಜಾಕಿಯ ಹಿಂದೆ ಯಾರೂ ನಿಲ್ಲುವಂತಿಲ್ಲ, ಕೇಬಲ್ ಜಾರಿದರೆ ಗುಂಡಿನಂತೆ ಹಾರುತ್ತದೆ. 25 ಮೀಟರ್ ಕೇಬಲ್ ಒಂದು ಗೇಣಿಗೆ ತುಸು ಕಡಿಮೆ ಹಿಗ್ಗುತ್ತದೆ. ಆ ಹಿಗ್ಗನ್ನು ಮಿಲಿಮೀಟರಿನಲ್ಲಿ ಅಳೆದು ಲೆಕ್ಕದೊಡನೆ ತಾಳೆ ನೋಡುತ್ತಾರೆ. ಬಿಗಿತ ಏರಿದಂತೆ ಅಷ್ಟು ಟನ್ನಿನ ತೊಲೆಯ ನಡು ಅಚ್ಚಿನಿಂದ ತುಸುವೇ ಮೇಲೇಳುತ್ತದೆ. ಅದನ್ನು ನೋಡಲು ನಾನು ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಲೂ ತಯಾರು.

ಅದೇ ತೊಲೆ 30 ಡಿಗ್ರಿಯಷ್ಟು ಕಾವೇರಿದರೆ ಸುಮಾರು 9 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಕಂಬದ ತಲೆಯ ಮೇಲೆ ಉಕ್ಕಿನ ಹಾಳೆ ಸೇರಿಸಿದ ರಬ್ಬರಿನ ದಿಂಬು. ಸೇತುವೆಯ ಮೇಲೆ ಬಸ್ಸು ಹೋಗುವಾಗ ಕೇಳುವ ಟಕ್-ಟಕ್ ಸದ್ದು ಈ ಬೆಳವಣಿಗೆಗೆಂದು ಬಿಟ್ಟ ಸಂದಿನದು.

ಹಳ್ಳ ದಾಟಲು ಸೇತುವೆಯಾದರೆ ಗುಡ್ಡ ದಾಟಲು ಸುರಂಗ; ಅದನ್ನು ನೋಡಬೇಕೆಂದರೆ ಹೊಸಪೇಟೆಯವರೆಗೆ ಹೋಗಬೇಕು. ಅಲ್ಲಿ ಹೆದ್ದಾರಿ 50 ಗುಡ್ಡವನ್ನು ತೂರಿಕೊಂಡು ಹೋಗುತ್ತದೆ. ಬಂಡೆಯಲ್ಲಿ ಸುರಂಗ ಕೊರೆಯುವಾಗ ಮದ್ದನ್ನು ಒಮ್ಮೆಲೇ ಸಿಡಿಸುವುದಿಲ್ಲ. ನಡುವಿನ ತೂತುಗಳು ಮೊದಲು, ಅಂಚಿನವು ಕೊನೆಗೆ, ನಡುವೆ ಕ್ಷಣದ ತುಣುಕಿನಷ್ಟು ಅಂತರ. ನಡು ಖಾಲಿಯಾದರೆ ಅಂಚಿನ ಕಲ್ಲು ಒಳಕ್ಕೆ ಬೀಳುತ್ತದೆ, ಹಿಂದಿನ ಗುಡ್ಡಕ್ಕೆ ಪೆಟ್ಟು ಕಡಿಮೆ.

ಗದಗ ಸೀಮೆಯಲ್ಲಿ ಗುಡ್ಡಕ್ಕಿಂತ ಹೆಚ್ಚು ಕಾಡುವುದು ಹಳ್ಳಗಳು. ವರ್ಷದ ಬಹುಪಾಲು ಒಣಗಿರುವ ಬೆಣ್ಣಿಹಳ್ಳ ಮಳೆ ಕೂಡಿದಾಗ ಹೇಗೆ ಬರುತ್ತದೆಂದು 2019ರ ಆಗಸ್ಟಿನ ನೆರೆ ಕಂಡವರಿಗೆ ಗೊತ್ತು. ಸಣ್ಣ ಹಳ್ಳಕ್ಕೆ ನೀರು ಅಳೆದಿಟ್ಟ ದಾಖಲೆ ಇರುವುದಿಲ್ಲ. ಆದ್ದರಿಂದ ಸೇತುವೆಯ ಕಂಡಿ ಎಷ್ಟು ಅಗಲ, ಎಷ್ಟು ಎತ್ತರ ಎಂದು ಗೊತ್ತುಮಾಡಲು ಎಂಜಿನಿಯರ್ ಹಳ್ಳದ ಗುಂಟ ನಡೆಯುತ್ತಾರೆ, ಜಾಲಿಯ ಕೊಂಬೆಗೆ ಸಿಕ್ಕ ಹುಲ್ಲು ಕಸ ಎಷ್ಟು ಎತ್ತರದಲ್ಲಿದೆ ನೋಡುತ್ತಾರೆ. ಆಮೇಲೆ ಊರಿನ ಹಿರಿಯರನ್ನು ಕೇಳುತ್ತಾರೆ: ಯಜ್ಜಾರ, ನಿಮಗ ಗೊತ್ತಿದ್ದಂಗ ನೀರು ಎಲ್ಲೀಮಟ ಬಂದಿತ್ರೀ? ಅಜ್ಜ ಬೇವಿನ ಮರದ ಹತ್ತಿರ ಹೋಗಿ ಕೋಲೆತ್ತಿ ಬೊಡ್ಡೆಯ ಮೇಲೊಂದು ಜಾಗ ಮುಟ್ಟುತ್ತಾನೆ. ಅಲ್ಲಿ ಸುಣ್ಣದ ಗೆರೆ ಎಳೆದು, ಲೆವೆಲ್ ಹಿಡಿದು, ಆ ಅಂಕಿಯನ್ನು ನಕ್ಷೆಗೆ ಬರೆದುಕೊಳ್ಳುತ್ತಾರೆ. ಸೇತುವೆಯ ತೊಲೆ ಆ ಗೆರೆಗಿಂತ ಮೇಲೆ ಕೂರುತ್ತದೆ.