ಇಂಗ್ಲೆಂಡಿನ ಬನ್ನಿಗೆ ರಾಜಾಜಿನಗರದ ಖಾರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಬೇಕರಿ ಇಲ್ಲದ ಮುಖ್ಯರಸ್ತೆ ಸಿಗುವುದು ಕಷ್ಟ. ರಾಜಾಜಿನಗರದಿಂದ ಹೊರಟು ಬಸವೇಶ್ವರನಗರ, ವಿಜಯನಗರ ದಾಟಿ ಕೆಂಗೇರಿ ಉಪನಗರ ತಲುಪುವಷ್ಟರಲ್ಲಿ ‘ಅಯ್ಯಂಗಾರ್ ಬೇಕರಿ’ ಎಂಬ ಫಲಕ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಗಾಜಿನ ಕಪಾಟಿನಲ್ಲಿ ಖಾರಾ ಬನ್, ಆಲೂ ಬನ್, ಪಫ್ಸ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಹನಿ ಕೇಕ್. ಅದರ ಮೇಲಿನ ಡಬ್ಬಗಳಲ್ಲಿ ನಿಪ್ಪಟ್ಟು, ಕೋಡುಬಳೆ, ಕಾಂಗ್ರೆಸ್ ಕಡಲೆಕಾಯಿ. ನಮ್ಮದೇ ಎನಿಸುವ ಈ ಕಪಾಟಿನ ಅರ್ಧ ತಿನಿಸುಗಳ ಮೂಲ ಬ್ರಿಟಿಷರ ಟೀ ಮೇಜು. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಅವು ಮೊಟ್ಟೆಯನ್ನು ಬಿಟ್ಟವು, ಹಸಿಮೆಣಸಿನಕಾಯಿಯನ್ನು ಕಟ್ಟಿಕೊಂಡವು.

ಬೆಂಗಳೂರಿಗೆ ಬ್ರೆಡ್ಡಿನ ಅಗತ್ಯ ಬಿದ್ದದ್ದು 1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ. ಸೈನಿಕರಿಗೂ ಅಧಿಕಾರಿಗಳ ಮನೆಗಳಿಗೂ ದಿನಾ ಬ್ರೆಡ್ ಬೇಕಿತ್ತು. ಪೇಟೆಯ ಕಡೆ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಯಾರು ನಾದಿದರೋ, ಮೊಟ್ಟೆ ಮುಟ್ಟಿದೆಯೋ ಎಂಬ ಅನುಮಾನದಿಂದ ಮಡಿವಂತ ಮನೆಗಳು ಬೇಕರಿ ತಿಂಡಿಯನ್ನು ದೂರವೇ ಇಟ್ಟಿದ್ದವು. ಆ ಗೆರೆ ದಾಟಿಸಿದವರಲ್ಲಿ ಎಚ್.ಎಸ್. ತಿರುಮಲಾಚಾರ್ ಮೊದಲಿಗರು. ಚಿಕ್ಕಪೇಟೆಯಲ್ಲಿ ಸಿಹಿತಿಂಡಿ ಮಾರುತ್ತಿದ್ದ ಅವರ ಅಂಗಡಿಗೆ ವೆಸ್ಟ್ ಎಂಡ್ ಹೋಟೆಲಿನ ಕಡೆಯ ಇಂಗ್ಲಿಷರೊಬ್ಬರು ಬರುತ್ತಿದ್ದರಂತೆ. ಬ್ರೆಡ್ ಸುಡುವ ವಿದ್ಯೆ ಕಲಿಸಿದ್ದು ಅವರೇ ಎಂಬುದು ಪೀಳಿಗೆಗಳಿಂದ ಬಂದ ಕಥೆ. 1898ರಲ್ಲಿ ಶುರುವಾದ ಆ ಬೇಕರಿಗೆ ‘ಬೆಂಗಳೂರು ಬ್ರದರ್ಸ್’ ಎಂಬ ಹೆಸರಾಯಿತು, ಜನರ ಬಾಯಲ್ಲಿ ಬಿ.ಬಿ. ಬೇಕರಿ. ಮುಂದೆ ಹಾಸನ ಸೀಮೆಯ ಎಷ್ಟೋ ಕುಟುಂಬಗಳು ಇದೇ ಕಸುಬು ಹಿಡಿದು ಬಡಾವಣೆಯಿಂದ ಬಡಾವಣೆಗೆ ಹರಡಿದವು. ಫಲಕದ ಮೇಲೆ ‘ಅಯ್ಯಂಗಾರ್’ ಎಂದಿದ್ದರೆ ಮೊಟ್ಟೆಯಿಲ್ಲ ಎಂಬ ಭರವಸೆ. ಇಂದು ಬೇರೆ ಬೇರೆ ಸಮುದಾಯದವರೂ ಈ ಬೇಕರಿಗಳನ್ನು ನಡೆಸುತ್ತಾರೆ.

ಬನ್ನಿನ ತವರಿನಲ್ಲಿ ಅದರ ಬಾಳು ಇಷ್ಟು ಸಲೀಸಾಗಿರಲಿಲ್ಲ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1592ರಲ್ಲಿ, ಲಂಡನ್ನಿನ ಮಾರುಕಟ್ಟೆ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ: ಸಂಬಾರ ಬೆರೆಸಿದ ಬನ್ನುಗಳನ್ನು ಶುಭ ಶುಕ್ರವಾರ, ಕ್ರಿಸ್‌ಮಸ್ ಮತ್ತು ಶವಸಂಸ್ಕಾರದ ಹೊರತು ಬೇರೆ ದಿನ ಮಾರಕೂಡದು. ಮಸಾಲೆ ಬನ್ ತಿನ್ನಲು ಹಬ್ಬ ಬರಬೇಕು, ಇಲ್ಲವೇ ಊರಿನಲ್ಲಿ ಯಾರಾದರೂ ಸಾಯಬೇಕು! ಅದಕ್ಕೂ ಹಿಂದೆ, 1266ರಲ್ಲಿ, ಮೂರನೆಯ ಹೆನ್ರಿಯ ಕಾಲದ ಕಾನೂನು ಬ್ರೆಡ್ಡಿನ ತೂಕಕ್ಕೇ ಕಾವಲು ಕೂತಿತ್ತು. ಬೆಲೆಯಲ್ಲಿ ಬದಲಾವಣೆ ಇಲ್ಲ. ಗೋಧಿ ತುಟ್ಟಿಯಾದರೆ ಬ್ರೆಡ್ಡಿನ ತೂಕವೇ ಇಳಿಯಬೇಕು. ಗೊತ್ತುಪಡಿಸಿದ ತೂಕಕ್ಕಿಂತ ಕಡಿಮೆ ಕೊಟ್ಟವನಿಗೆ ದಂಡ, ಕೆಲವೊಮ್ಮೆ ಸಂತೆಯ ನಡುವೆ ಮರದ ಹಲಗೆಗೆ ಕತ್ತು ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಆ ಭಯಕ್ಕೆ ಬೇಕರಿಯವರು ಡಜನ್ನಿಗೆ 13 ಕೊಡತೊಡಗಿದರೆಂದು ಹೇಳುತ್ತಾರೆ. ನಮ್ಮ ಸಂತೆಯಲ್ಲಿ ಕೊಸರು ಪ್ರೀತಿಗೆ ಸಿಗುತ್ತದೆ. ಅಲ್ಲಿ ಸಿಕ್ಕಿದ್ದು ಸರ್ಕಾರದ ಹೆದರಿಕೆಗೆ.

ಮೊಟ್ಟೆಯಿಲ್ಲದ ಕೇಕು ಕೂಡ ಪೂರ್ತಿ ನಮ್ಮ ಮಡಿಯಿಂದ ಹುಟ್ಟಿದ್ದಲ್ಲ. ಅದರ ಬೇರು ಬರ್ಮಿಂಗ್‌ಹ್ಯಾಮಿನ ಒಂದು ಔಷಧದಂಗಡಿಯಲ್ಲಿದೆ. ಅಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ರಸಾಯನ ತಜ್ಞರಿದ್ದರು. ಅವರ ಹೆಂಡತಿಗೆ ಮೊಟ್ಟೆಯೂ ಒಗ್ಗದು, ಯೀಸ್ಟೂ ಒಗ್ಗದು. ಅವರಿಗಾಗಿ ಬರ್ಡ್ ಮೊಟ್ಟೆಯ ಬದಲು ಮೆಕ್ಕೆಜೋಳದ ಹಿಟ್ಟು ಬಳಸಿ ಕಸ್ಟರ್ಡ್ ಪುಡಿ ಮಾಡಿದರು. 1843ರಲ್ಲಿ ಯೀಸ್ಟಿಲ್ಲದೆ ಹಿಟ್ಟು ಉಬ್ಬಿಸುವ ಬೇಕಿಂಗ್ ಪೌಡರ್ ತಯಾರಿಸಿದರು. ಅದರ ಒಳಗುಟ್ಟು ಸರಳ: ಸೋಡಾ ಮತ್ತು ಹುಳಿ ಒದ್ದೆಯಾಗಿ ಕೂಡಿದರೆ ಅನಿಲ ಏಳುತ್ತದೆ, ಆ ಗುಳ್ಳೆಗಳೇ ಹಿಟ್ಟನ್ನು ಹಗುರ ಮಾಡುತ್ತವೆ. ಮೊಸರಿಗೆ ಅಡುಗೆ ಸೋಡಾ ಬೆರೆಸಿ ಕೇಕ್ ಮಾಡುವ ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಒಬ್ಬ ಗಂಡ ಹೆಂಡತಿಯ ಹೊಟ್ಟೆಗಾಗಿ ಹುಡುಕಿದ ದಾರಿಯಲ್ಲೇ ವಿಜಯನಗರದ ಮಕ್ಕಳ ಹುಟ್ಟುಹಬ್ಬದ ಕೇಕು ಇಂದಿಗೂ ಉಬ್ಬುತ್ತಿದೆ.

ಈ ಕಸುಬಿನ ಜೀವ ಇರುವುದು ಹಿಂದಿನ ಕೋಣೆಯ ಭಟ್ಟಿಯಲ್ಲಿ. ಹಳೆಯ ಪದ್ಧತಿಯಲ್ಲಿ ಇಟ್ಟಿಗೆಯ ಭಟ್ಟಿಯೊಳಗೆ ಸೌದೆ ಉರಿಸಿ, ಗೋಡೆ ಕಾದ ಮೇಲೆ ಕೆಂಡವನ್ನು ಹೊರಗೆ ಎಳೆಯುತ್ತಾರೆ. ಮುಂದಿನ ಕೆಲಸವೆಲ್ಲ ಇಟ್ಟಿಗೆ ಹಿಡಿದಿಟ್ಟ ಶಾಖದ್ದು. ಕಾವು ಜೋರಾಗಿದ್ದಾಗ ಬ್ರೆಡ್ ಮತ್ತು ಬನ್, ಸ್ವಲ್ಪ ಇಳಿದ ಮೇಲೆ ಕೇಕು, ಆಮೇಲೆ ಬಿಸ್ಕತ್ತು. ಕೊನೆಗೆ ಉಳಿದ ಬ್ರೆಡ್ಡಿನ ಹೋಳುಗಳು ಆರುವ ಭಟ್ಟಿಯಲ್ಲಿ ಒಣಗಿ ರಸ್ಕ್ ಆಗುತ್ತವೆ. ಕಾವೂ ಹಾಳಾಗದು, ಬ್ರೆಡ್ಡೂ ಹಾಳಾಗದು. ಖಾರಾ ಬನ್ನಿಗೆ ನಾದಿದ ಮೈದಾದಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಬೀಳುತ್ತವೆ. ಕೆಲವರು ಸಬ್ಬಸಿಗೆ ಸೊಪ್ಪನ್ನೂ ಸೇರಿಸುತ್ತಾರೆ. ಈರುಳ್ಳಿ ನೀರು ಬಿಡುವುದರಿಂದ ಹಿಟ್ಟು ಎಷ್ಟು ಗಟ್ಟಿ ಇರಬೇಕೆಂಬುದು ಕೈಗೇ ತಿಳಿಯಬೇಕು. ಈಗ ಬಹಳ ಕಡೆ ವಿದ್ಯುತ್, ಡೀಸೆಲ್ ಓವನ್‌ಗಳು ಬಂದಿವೆ. ಈ ಕೈಯಳತೆಗೆ ಬದಲಿ ಇನ್ನೂ ಬಂದಿಲ್ಲ.

ಬೆಂಗಳೂರಿನ ಈ ಪಶ್ಚಿಮ ಭಾಗ ದುಡಿಯುವ ಜನರದ್ದು. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ, ಮಾಗಡಿ ರಸ್ತೆಯ ಆಸುಪಾಸಿನ ಕಾರ್ಖಾನೆಗಳು, ರಾಜಾಜಿನಗರದ ಕೈಗಾರಿಕಾ ವಸಾಹತು ಇವೆಲ್ಲ ಪಾಳಿಯ ಲೆಕ್ಕದಲ್ಲಿ ನಡೆದವು. ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಬಿಟ್ಟವರಿಗೆ ನಿಂತೇ ತಿನ್ನುವ ಬನ್ನು, ಅರ್ಧ ಲೋಟ ಟೀ ಬಹಳ ಒಗ್ಗಿಬಂದವು. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಮಧ್ಯಾಹ್ನದ ಟೀ ಎಂದರೆ ಮೇಜುಬಟ್ಟೆ, ಪಿಂಗಾಣಿ, ಕೂರುವ ಶಿಸ್ತು. ಇಲ್ಲಿ ಅದೇ ಟೀಗೆ ಸ್ಕೂಟರಿನ ಸೀಟೇ ಮೇಜು, ಹರಿದ ಕಾಗದವೇ ತಟ್ಟೆ. ತವೆಯ ಮೇಲೆ ಬೆಣ್ಣೆ ಸವರಿ ಕ್ಯಾರೆಟ್, ಈರುಳ್ಳಿ, ಟೊಮೆಟೊ ಪಲ್ಯ ಹರಡಿದ ಬ್ರೆಡ್ ಟೋಸ್ಟನ್ನು ಕೂಲಿಯವರೂ ಕಚೇರಿಯವರೂ ಪಕ್ಕಪಕ್ಕದಲ್ಲೇ ನಿಂತು ತಿನ್ನುತ್ತಾರೆ. ಟೀ ಮೇಜಿನ ಎಲ್ಲ ಅಂತಸ್ತನ್ನೂ ಅಳಿಸಿ, ರುಚಿಯನ್ನು ಮಾತ್ರ ಉಳಿಸಿಕೊಂಡದ್ದು ನಮ್ಮ ಬೇಕರಿಯ ದೊಡ್ಡತನ.

ಬ್ರಿಟನ್ನಿನ ಕಥೆ ಬೇರೆ ತಿರುವು ಪಡೆಯಿತು. 1961ರಲ್ಲಿ ಲಂಡನ್ ಸಮೀಪದ ಚಾರ್ಲಿವುಡ್ ಎಂಬ ಊರಿನ ಪ್ರಯೋಗಾಲಯ ಒಂದು ಹೊಸ ವಿಧಾನ ಕಂಡುಹಿಡಿಯಿತು. ಹಿಟ್ಟನ್ನು ಯಂತ್ರದಲ್ಲಿ ಕೆಲವೇ ನಿಮಿಷ ಅತಿ ವೇಗವಾಗಿ ಕಲಸಿ, ಗಂಟೆಗಟ್ಟಲೆ ಹುದುಗಿಸುವ ಕೆಲಸವನ್ನೇ ತಪ್ಪಿಸುವ ವಿಧಾನವದು. ಬ್ರೆಡ್ ಅಗ್ಗವಾಯಿತು, ಮೆದುವಾಯಿತು. ಇಂದು ಅಲ್ಲಿನ ಬಹುಪಾಲು ಬ್ರೆಡ್ ಕಾರ್ಖಾನೆಯದು. ಬೀದಿಯ ಬೇಕರಿಗಳು ಮಾತ್ರ ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮಲ್ಲೂ ಪೊಟ್ಟಣದ ಬ್ರೆಡ್ ಪ್ರತಿ ಅಂಗಡಿಯಲ್ಲಿ ತೂಗುತ್ತಿದೆ, ಬಾಡಿಗೆ ಏರುತ್ತಿದೆ, ರಾತ್ರಿ ಎದ್ದು ಹಿಟ್ಟು ನಾದುವ ಕೈಗಳು ಸುಲಭವಾಗಿ ಸಿಗುತ್ತಿಲ್ಲ. ಅಲ್ಲಿ ಹೋದದ್ದು ಇಲ್ಲಿಯೂ ಹೋಗಬೇಕಾಗಿಲ್ಲ. ಗಿರಾಕಿ ದಿನಾ ಬಂದರೆ ಭಟ್ಟಿ ದಿನಾ ಉರಿಯುತ್ತದೆ, ಅಷ್ಟೇ ಲೆಕ್ಕ.

ನಿಮ್ಮ ಬಡಾವಣೆಯಲ್ಲಿ ಹಿಂದೆಯೇ ಭಟ್ಟಿ ಇರುವ ಬೇಕರಿ ಯಾವುದೆಂದು ವಿಚಾರಿಸಿ. ಖಾರಾ ಬನ್ ತಟ್ಟೆ ಎಷ್ಟು ಹೊತ್ತಿಗೆ ಹೊರಬರುತ್ತದೆಂದು ಕೇಳಿಟ್ಟುಕೊಂಡು, ಆ ಹೊತ್ತಿಗೆ ಹೋಗಿ. ಬ್ರೆಡ್ ಬೇಕಿದ್ದರೆ ಹೋಳು ಮಾಡದ ಇಡಿಯ ಬ್ರೆಡ್ ತಂದು ಮನೆಯಲ್ಲಿ ಕೊಯ್ದುಕೊಳ್ಳಿ. ಅದು ಬೇಗ ಒಣಗದು. ಮಕ್ಕಳು ಜೊತೆಗಿದ್ದರೆ ಭಟ್ಟಿ ತೋರಿಸುವಿರಾ ಎಂದು ಒಮ್ಮೆ ಕೇಳಿನೋಡಿ. ತಾವು ತಿನ್ನುವ ಬನ್ನು ಎಲ್ಲಿ, ಯಾರ ಕೈಯಲ್ಲಿ ಉಬ್ಬುತ್ತದೆಂದು ಕಂಡ ಮಕ್ಕಳೇ ನಾಳೆ ಈ ಬೇಕರಿಗಳನ್ನು ಉಳಿಸಿಕೊಳ್ಳುವ ಗಿರಾಕಿಗಳು.