ರೈಲು ಸಿಬ್ಬಂದಿಯ ದುಡಿಮೆ: ಎಷ್ಟು ಜನ, ಎಷ್ಟು ಹೊತ್ತು?

ವಿಕಾರಾಬಾದಿನಿಂದ ಹೊರಟು ಬೀದರ, ಭಾಲ್ಕಿ, ಕಮಲನಗರಗಳನ್ನು ಹಾದು ಉದಗೀರಕ್ಕೆ ಬಂದು, ಲಾತೂರ್ ರೋಡ್ ಮಾರ್ಗವಾಗಿ ಪರಳಿ ವೈಜನಾಥವನ್ನು ಸೇರುವ ರೈಲುದಾರಿ ನಿಜಾಮರ ಕಾಲದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಹಳಿ ಬದಲಾಗಲಿಲ್ಲ. ಇಂದು ಅದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿದೆ. ಉಮರ್ಗಾ ಮತ್ತು ನಿಲಂಗಾ ಪಟ್ಟಣಗಳಿಗೆ ರೈಲು ಬಂದಿಲ್ಲವಾದರೂ ಅಲ್ಲಿಯ ತರುಣರಿಗೆ ರೈಲ್ವೆ ನೌಕರಿಯ ಆಸೆ ಹೊಸದಲ್ಲ. ಗೂಡ್ಸ್ ಟ್ರೇನ್ ಮ್ಯಾನೇಜರ್, ಸ್ಟೇಷನ್ ಮಾಸ್ಟರ್ ಹುದ್ದೆಗಳಿಗೆ ಯಾವುದೇ ವಿಷಯದ ಪದವಿ ಸಾಕು. ಆದ್ದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಈ ಬಾಗಿಲು ತೆರೆದಿದೆ, ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲೂ ಅವಕಾಶವಿದೆ.

ಆ ನೌಕರಿಯ ಸ್ವರೂಪವನ್ನು ನಿರ್ಧರಿಸುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಒಂದು ರೈಲನ್ನು ನಡೆಸಲು ಎಷ್ಟು ಜನ ಬೇಕು? ಅವರು ಒಂದೇ ಸಮನೆ ಎಷ್ಟು ಹೊತ್ತು ದುಡಿಯಬಹುದು? ಒಂದು ಶತಮಾನದಿಂದ ಕಾರ್ಮಿಕರೂ ಆಡಳಿತವೂ ಇವುಗಳ ಸುತ್ತಲೇ ವಾದಿಸುತ್ತ ಬಂದಿದ್ದಾರೆ. ಆ ವಾದಗಳನ್ನು ಹತ್ತಿರದಿಂದ ನೋಡಿದರೆ ಎರಡು ಪ್ರಶ್ನೆಗಳ ಬುಡದಲ್ಲಿಯೂ ಇನ್ನೊಂದು ಪ್ರಶ್ನೆ ಕಾಣುತ್ತದೆ: ‘ಕೆಲಸ’ ಎಂಬ ಪದಕ್ಕೆ ಏನು ಅರ್ಥ? ಕಾಯುವುದು ಕೆಲಸವೇ? ಎಚ್ಚರವಾಗಿ ಕುಳಿತಿರುವುದು ಕೆಲಸವೇ?

ಒಪ್ಪಂದವೆಂದರೇನು?

ಅಮೆರಿಕದಂತಹ ದೇಶಗಳಲ್ಲಿ ರೈಲು ಕಂಪನಿಗೂ ಕಾರ್ಮಿಕ ಸಂಘಕ್ಕೂ ನಡುವೆ ಲಿಖಿತ ಒಪ್ಪಂದವಾಗುತ್ತದೆ. ಸಿಬ್ಬಂದಿಯ ಸಂಖ್ಯೆಯೂ ಅದರಲ್ಲಿಯೇ ನಿಗದಿಯಾಗಬಹುದು. ಭಾರತದ ರೈಲ್ವೆ ಸರ್ಕಾರದ ಇಲಾಖೆಯಾದ್ದರಿಂದ ಇಲ್ಲಿಯ ಕ್ರಮ ಬೇರೆ. ಸಂಸತ್ತಿನ ಕಾಯಿದೆ, ಅದರಡಿಯ ನಿಯಮಗಳು, ನ್ಯಾಯಮಂಡಳಿಗಳ ತೀರ್ಪುಗಳು ಮತ್ತು ಮಾತುಕತೆಯಲ್ಲಿ ಒಪ್ಪಿಕೊಂಡ ವಿಷಯಗಳು ಸೇರಿ ಒಪ್ಪಂದದ ಸ್ಥಾನವನ್ನು ತುಂಬುತ್ತವೆ. 1952ರಿಂದ ಮಾನ್ಯತೆ ಪಡೆದ ಸಂಘಗಳೊಡನೆ ಚರ್ಚಿಸಲು ಖಾಯಂ ಸಂಧಾನ ವ್ಯವಸ್ಥೆಯೊಂದಿದೆ. ವಲಯ ಮಟ್ಟದಲ್ಲಿ ಬಗೆಹರಿಯದ್ದು ರೈಲ್ವೆ ಮಂಡಳಿಗೆ ಹೋಗುತ್ತದೆ. ಅಲ್ಲಿಯೂ ಬಗೆಹರಿಯದಿದ್ದರೆ ನ್ಯಾಯಮಂಡಳಿಯ ಮುಂದೆ ಹೋಗಬಹುದು. 1969ರಲ್ಲಿ ರಚಿತವಾಗಿ 1972ರಲ್ಲಿ ವರದಿ ಕೊಟ್ಟ ಮಿಯಾಭಾಯ್ ನ್ಯಾಯಮಂಡಳಿ ಈ ಬಗೆಯದು.

ಗಂಟೆಗಳ ಲೆಕ್ಕ

1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ತತ್ತ್ವವನ್ನು ಅಂಗೀಕರಿಸಿತು. ಭಾರತಕ್ಕೆ ಮಾತ್ರ 60 ಗಂಟೆಗಳ ವಿನಾಯಿತಿ ದೊರೆಯಿತು. 1930ರಲ್ಲಿ ರೈಲ್ವೆ ಕಾಯಿದೆಗೆ ತಿದ್ದುಪಡಿಯಾಗಿ ‘ನಿರಂತರ’ ಕೆಲಸದವರಿಗೆ ವಾರಕ್ಕೆ 60 ಗಂಟೆ, ‘ಮೂಲತಃ ಬಿಟ್ಟುಬಿಟ್ಟು ಬರುವ’ ಕೆಲಸದವರಿಗೆ 84 ಗಂಟೆಗಳ ಮಿತಿ ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮುಷ್ಕರದ ಸೂಚನೆ ಕಂಡಾಗ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರನ್ನು ಪಂಚರನ್ನಾಗಿ ನೇಮಿಸಲಾಯಿತು. ಅವರ 1947ರ ತೀರ್ಪು ಈ ಮಿತಿಗಳನ್ನು 54 ಮತ್ತು 75 ಗಂಟೆಗಳಿಗೆ ಇಳಿಸಿತು. ‘ತೀವ್ರ’ ಕೆಲಸದವರಿಗೆ 45 ಗಂಟೆಗಳ ಮಿತಿಯನ್ನು ಸೂಚಿಸಿತು. ಇಂದಿಗೂ ಜಾರಿಯಲ್ಲಿರುವ 1989ರ ರೈಲ್ವೆ ಕಾಯಿದೆಯ 132ನೆಯ ಕಲಮಿನಲ್ಲಿ ಇದೇ ಅಂಕಿಗಳಿವೆ.

ಇಲ್ಲಿ ಅಂಕಿಗಿಂತ ವರ್ಗದ ಹೆಸರು ಮುಖ್ಯ. ಅದೇ ಕಾಯಿದೆಯ 130ನೆಯ ಕಲಮು ಹೇಳುವಂತೆ, ಹನ್ನೆರಡು ಗಂಟೆಗಳ ಪಾಳಿಯಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ದೈಹಿಕ ಚಟುವಟಿಕೆಯಾಗಲಿ ನಿರಂತರ ಗಮನವಾಗಲಿ ಬೇಡವೆಂದಾದರೆ, ಆ ನೌಕರನ ಕೆಲಸವನ್ನು ‘ಬಿಟ್ಟುಬಿಟ್ಟು ಬರುವುದು’ ಎಂದು ಘೋಷಿಸಬಹುದು. ಅನೇಕ ಲೆವೆಲ್ ಕ್ರಾಸಿಂಗ್ ಗೇಟುಗಳ ಕಾವಲುಗಾರರು ಈ ವರ್ಗದಲ್ಲಿದ್ದಾರೆ. ಎರಡು ರೈಲುಗಳ ನಡುವಿನ ಹೊತ್ತು ಆಡಳಿತದ ಕಣ್ಣಿಗೆ ನಿಷ್ಕ್ರಿಯ. ಆ ಹೊತ್ತಿನಲ್ಲಿ ಗೇಟನ್ನು ಬಿಟ್ಟು ಹೋಗಲಾರದವನ ಪಾಲಿಗೆ ಅದು ಕರ್ತವ್ಯವೇ. ಒಂದು ವಿಶೇಷಣ ಬದಲಾದರೆ ವಾರದಲ್ಲಿ 21 ಗಂಟೆ ವ್ಯತ್ಯಾಸವಾಗುತ್ತದೆ.

ರೈಲು ನಡೆಸುವವರದು ‘ನಿರಂತರ’ ವರ್ಗ. ಅವರ ವಿವಾದ ಮತ್ತೊಂದು ಪದವನ್ನು ಕುರಿತದ್ದು: ಕರ್ತವ್ಯ ಎಲ್ಲಿಂದ ಆರಂಭವಾಗುತ್ತದೆ? ಲೋಕೊ ಪೈಲಟ್ ಹಾಜರಿ ಹಾಕಿದ ಗಳಿಗೆ ‘ಸೈನ್ ಆನ್’; ಬಿಡುಗಡೆಯಾದ ಗಳಿಗೆ ‘ಸೈನ್ ಆಫ್’. ರೈಲು ಹೊರಟಲ್ಲಿಂದ ಎಣಿಸುವುದು ‘ರನ್ನಿಂಗ್ ಡ್ಯೂಟಿ’. ಎಂಜಿನ್ನಿನ ತಪಾಸಣೆ, ಹೊರಡಲು ಅನುಮತಿಗಾಗಿ ಕಾಯುವುದು ಮೊದಲನೆಯ ಲೆಕ್ಕದಲ್ಲಿ ಬರುತ್ತವೆ, ಎರಡನೆಯದರಲ್ಲಿ ಬರುವುದಿಲ್ಲ.

1973ರ ಆಗಸ್ಟಿನಲ್ಲಿ ಲೋಕೊ ಸಿಬ್ಬಂದಿ ದೇಶಾದ್ಯಂತ ಮುಷ್ಕರ ಹೂಡಿದಾಗ ಅವರು ಪಡೆದ ಮುಖ್ಯ ಭರವಸೆಯೆಂದರೆ ಒಂದು ಪಾಳಿಗೆ 10 ಗಂಟೆಗಳ ಮಿತಿ. ಅದನ್ನು ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ ಎಣಿಸಬೇಕೆಂಬುದು ಅವರ ನಿಲುವು. ಮರುವರ್ಷ ಮೇ 8ರಿಂದ 27ರವರೆಗೆ ನಡೆದ ಮಹಾಮುಷ್ಕರದ ಬೇಡಿಕೆಗಳಲ್ಲಿ ಈ ಸಿಬ್ಬಂದಿಗೆ 8 ಗಂಟೆಗಳ ದುಡಿಮೆಯೂ ಸೇರಿತ್ತು. ಅದರ ನಾಯಕ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಮುಷ್ಕರ ಬೇಡಿಕೆ ಈಡೇರದೆಯೇ ಹಿಂತೆಗೆಯಲ್ಪಟ್ಟಿತು. ಸಾವಿರಾರು ಜನ ನೌಕರಿ ಕಳೆದುಕೊಂಡರು. 2016ರಲ್ಲಿ ರೈಲ್ವೆ ಮಂಡಳಿ ಹೊರಡಿಸಿದ ಆದೇಶದ ಪ್ರಕಾರ ರನ್ನಿಂಗ್ ಡ್ಯೂಟಿ ಸಾಮಾನ್ಯವಾಗಿ 9 ಗಂಟೆ ಮೀರಬಾರದು. ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ 11 ಗಂಟೆ ಮೀರಬಾರದು. ಎರಡು ಅಂಕಿಗಳ ನಡುವಿನ ಅಂತರವೇ ಕಾಯುವಿಕೆಯ ಲೆಕ್ಕ.

ನಮ್ಮ ಪರಳಿ ದಾರಿ ಬಹುಕಾಲದಿಂದ ಏಕಮಾರ್ಗವಾಗಿರುವುದರಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಎದುರಿನಿಂದ ಬರುವ ಪ್ರಯಾಣಿಕರ ಗಾಡಿಗೆ ದಾರಿ ಬಿಟ್ಟು ಸರಕು ಗಾಡಿ ನಡುವಿನ ನಿಲ್ದಾಣದ ಲೂಪ್ ಹಳಿಯಲ್ಲಿ ನಿಲ್ಲಬೇಕಾಗುತ್ತದೆ. ನಿಂತ ಗಾಡಿಯ ಎಂಜಿನ್ನಿನಲ್ಲಿ ಕುಳಿತವನು ನಿದ್ರಿಸುವಂತಿಲ್ಲ, ಇಳಿದು ಹೋಗುವಂತಿಲ್ಲ. ಬಹುಕಾಲ ಎಂಜಿನ್ನುಗಳಲ್ಲಿ ಶೌಚಾಲಯವೂ ಇರಲಿಲ್ಲ. ಕ್ರಮಿಸಿದ ಕಿಲೋಮೀಟರುಗಳನ್ನು ನೋಡಿದರೆ ಅವನ ದುಡಿಮೆ ಕಡಿಮೆ. ಆಯಾಸವನ್ನು ನೋಡಿದರೆ ಹಾಗಲ್ಲ.

ವಿಶ್ರಾಂತಿಯ ವಿಷಯದಲ್ಲಿಯೂ ಪದದ ಜಗಳವೇ. ಕಾಯಿದೆಯ 133ನೆಯ ಕಲಮಿನಂತೆ ರೈಲು ನಡೆಸುವವರಿಗೆ ತಿಂಗಳಲ್ಲಿ ಕನಿಷ್ಠ 30 ಗಂಟೆಗಳ ನಾಲ್ಕು ವಿಶ್ರಾಂತಿಗಳು ಅಥವಾ ಪೂರ್ಣ ರಾತ್ರಿಯನ್ನೊಳಗೊಂಡ 22 ಗಂಟೆಗಳ ಐದು ವಿಶ್ರಾಂತಿಗಳು ಸಲ್ಲಬೇಕು. ಇದಲ್ಲದೆ ದೀರ್ಘ ಪಾಳಿ ಮುಗಿಸಿ ಸ್ವಸ್ಥಾನಕ್ಕೆ ಮರಳಿದಾಗ 16 ಗಂಟೆಗಳ ವಿಶ್ರಾಂತಿಯಿದೆ. ವಾರದ 30 ಗಂಟೆಗಳು ಈ 16ನ್ನು ಒಳಗೊಂಡಿವೆ ಎಂಬುದು ಆಡಳಿತದ ಓದು. 16ರ ಮೇಲೆ 30 ಸೇರಿ 46 ಆಗಬೇಕೆಂಬುದು ಲೋಕೊ ಪೈಲಟರ ಓದು. 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯಲ್ಲಿ ನಡೆದ ಚಳವಳಿಯ ತಿರುಳು ಇದೇ.

ಜನರ ಲೆಕ್ಕ

ಉಗಿ ಎಂಜಿನ್ನಿನಲ್ಲಿ ಚಾಲಕನೊಡನೆ ಸಾಮಾನ್ಯವಾಗಿ ಇಬ್ಬರು ಫೈರ್‌ಮನ್‌ಗಳಿರುತ್ತಿದ್ದರು. ಕಲ್ಲಿದ್ದಲು ಎಸೆಯುವುದು, ಬೆಂಕಿ ಕಾಯುವುದು, ನೀರಿನ ಮಟ್ಟ ನೋಡುವುದು ಅವರ ಕೆಲಸ. ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳು ಬಂದಾಗ ಬೆಂಕಿಯೇ ಇಲ್ಲವಾಯಿತು. ಮೂವರ ಜಾಗದಲ್ಲಿ ಇಬ್ಬರುಳಿದರು. ಅಮೆರಿಕದಲ್ಲಿ 1937ರ ಒಪ್ಪಂದವು ಡೀಸೆಲ್ ಎಂಜಿನ್ನಿನಲ್ಲಿಯೂ ಫೈರ್‌ಮನ್‌ನನ್ನು ಉಳಿಸಿತು. ಕೆಲಸವಿಲ್ಲದವನಿಗೆ ಕೂಲಿ ಏಕೆಂದು ಕಂಪನಿಗಳು ತಕರಾರೆತ್ತಿ, ವಿವಾದ ಬೆಳೆದು 1963ರಲ್ಲಿ ಅಲ್ಲಿಯ ಸಂಸತ್ತೇ ಅದನ್ನು ಕಡ್ಡಾಯ ಪಂಚಾಯಿತಿಗೆ ಒಪ್ಪಿಸಬೇಕಾಯಿತು.

ಕಂಪನಿಗಳ ಪ್ರಶ್ನೆ ನ್ಯಾಯವಾದದ್ದೇ. ಬೆಂಕಿ ಇಲ್ಲದಲ್ಲಿ ಎರಡನೆಯವನು ಏನು ಮಾಡುತ್ತಾನೆ? ಭಾರತದ ರೈಲ್ವೆಯ 1976ರ ಸಾಮಾನ್ಯ ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ಸಿಗ್ನಲ್ ಕಾಣಿಸಿದೊಡನೆ ಲೋಕೊ ಪೈಲಟ್ ಮತ್ತು ಸಹಾಯಕ ಇಬ್ಬರೂ ಅದನ್ನು ಗುರುತಿಸಿ, ಅದರ ಬಣ್ಣದ ಸೂಚನೆಯನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಬೇಕು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನ ಮಾತು ಅದನ್ನು ಹಿಡಿಯುತ್ತದೆ. ಅಪಘಾತವಾಗಿ ಗಾಡಿ ನಿಂತರೆ ಅದನ್ನು ಎರಡೂ ದಿಕ್ಕುಗಳಿಂದ ರಕ್ಷಿಸಬೇಕು. ಹಿಂದಿನ ಕಡೆಗೆ ಗಾರ್ಡ್ ಪಟಾಕಿ ಸಂಕೇತಗಳೊಡನೆ ಹಳಿಯ ಮೇಲೆ ನಡೆಯುತ್ತಾನೆ. ಮುಂದಿನ ಕಡೆಗೆ ಸಹಾಯಕನನ್ನು ಕಳಿಸಲಾಗುತ್ತದೆ. ಎಂಜಿನ್ನಿನ ಬಳಿ ಒಬ್ಬನಿರಬೇಕು. ಏಕಮಾರ್ಗದಲ್ಲಿ ಎದುರಿನಿಂದಲೂ ಗಾಡಿ ಬರಬಹುದಾದ್ದರಿಂದ ಈ ಮೂವರ ಅಗತ್ಯ ಸ್ಪಷ್ಟವಾಗಿದೆ. 2022ರಲ್ಲಿ ಗಾರ್ಡ್ ಹುದ್ದೆಯ ಹೆಸರು ಟ್ರೇನ್ ಮ್ಯಾನೇಜರ್ ಎಂದಾಯಿತು. ಇನ್ನೊಂದೆಡೆ, ಗಾಡಿಯ ಕೊನೆಯಲ್ಲಿ ಮನುಷ್ಯನ ಬದಲು ಯಂತ್ರವನ್ನಿಡುವ ಪ್ರಯತ್ನವೂ ನಡೆದಿದೆ.

2013ರ ಜುಲೈ 6ರಂದು ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದಲ್ಲಿ ಕಚ್ಚಾತೈಲದ ಗಾಡಿ ಹಳಿತಪ್ಪಿ ಸಿಡಿದು 47 ಜನ ಸತ್ತರು. ಆ ಗಾಡಿಗೆ ಇದ್ದವನು ಒಬ್ಬನೇ ಚಾಲಕ. ಅವನು ಪಾಳಿ ಮುಗಿಸಿ ಸಾಕಷ್ಟು ಕೈಬ್ರೇಕುಗಳಿಲ್ಲದೆ ನಿಲ್ಲಿಸಿ ಹೋದ ಗಾಡಿ ಇಳಿಜಾರಿನಲ್ಲಿ ತಾನೇ ಉರುಳಿತ್ತು. ಅದೇ ತಿಂಗಳು ಅಪಾಯಕಾರಿ ಸರಕಿನ ಗಾಡಿಗಳಲ್ಲಿ ಕನಿಷ್ಠ ಇಬ್ಬರಿರಬೇಕೆಂದು ಕೆನಡಾ ಆದೇಶಿಸಿತು. ಅಮೆರಿಕ 2024ರಲ್ಲಿ ಬಹುಪಾಲು ಗಾಡಿಗಳಿಗೆ ಇಬ್ಬರ ನಿಯಮವನ್ನು ಪ್ರಕಟಿಸಿತು.

ತಂತ್ರಜ್ಞಾನದ ವಾದವನ್ನೂ ಕಡೆಗಣಿಸಲಾಗದು. ಚಾಲಕ ಕೆಂಪು ಸಿಗ್ನಲನ್ನು ಮೀರದಂತೆ ತಾನೇ ಬ್ರೇಕ್ ಹಾಕುವ ‘ಕವಚ್’ ವ್ಯವಸ್ಥೆಯ ಮೊದಲ ಪ್ರಯೋಗಗಳು ನಡೆದ ದಾರಿಗಳಲ್ಲಿ ವಿಕಾರಾಬಾದ್–ಬೀದರ ಭಾಗವೂ ಒಂದು. ಅನಂತರ ಬೀದರ–ಪರಳಿ–ಪರಭಣಿ ದಾರಿಗೂ ಅದು ಬಂದಿತು. ಹೀಗೆ ಉದಗೀರದ ಹಳಿಯೇ ಈ ಚರ್ಚೆಯ ನಡುವೆ ಇದೆ. ಕವಚ್ ಚಾಲಕನ ಒಂದು ಬಗೆಯ ತಪ್ಪನ್ನು ತಡೆಯಬಲ್ಲದು. ಗಾಡಿಯಿಂದಿಳಿದು ಕತ್ತಲಲ್ಲಿ ಹಳಿಯ ಮೇಲೆ ನಡೆದು ಅಪಾಯದ ಸಂಕೇತವಿಡುವುದು, ಬಿಸಿಯಾದ ಚಕ್ರವನ್ನು ಪರೀಕ್ಷಿಸುವುದು, ಆಯಾಸಗೊಂಡ ಜೊತೆಗಾರನನ್ನು ಮಾತನಾಡಿಸುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಯಂತ್ರ ಬಂದಾಗ ಕೇಳಬೇಕಾದದ್ದು ಎಷ್ಟು ಜನರನ್ನು ಕಡಿಮೆ ಮಾಡಬಹುದೆಂದಲ್ಲ, ಯಾವ ಕೆಲಸ ನಿಜವಾಗಿ ಇಲ್ಲವಾಯಿತು ಎಂದು. ಉಗಿ ಎಂಜಿನ್ ಹೋದಾಗ ಬೆಂಕಿಯ ಕೆಲಸ ಹೋಯಿತು. ಕಣ್ಣಿನ ಕೆಲಸ ಹೋಗಲಿಲ್ಲ.

ಪದದ ಅರ್ಥವನ್ನು ಸಂದರ್ಭದಿಂದ ಬಿಡಿಸುವುದು ಸಾಹಿತ್ಯದ ವಿದ್ಯಾರ್ಥಿಗೆ ದಿನನಿತ್ಯದ ಅಭ್ಯಾಸ. ನಾಳೆ ನಿಮ್ಮಲ್ಲಿ ಯಾರಾದರೂ ರೈಲ್ವೆಯ ನೇಮಕಾತಿ ಪತ್ರವನ್ನು ಕೈಗೆತ್ತಿಕೊಂಡಾಗ ಸಂಬಳದ ಅಂಕಿಯ ಜೊತೆಗೆ ಮೂರು ಮಾತುಗಳನ್ನು ಹುಡುಕಿ ಓದಿರಿ: ನಿಮ್ಮ ಕೆಲಸ ಯಾವ ವರ್ಗದ್ದು, ಕರ್ತವ್ಯದ ಎಣಿಕೆ ಯಾವ ಗಳಿಗೆಯಿಂದ ಆರಂಭ, ಒಂದು ವಿಶ್ರಾಂತಿ ಇನ್ನೊಂದನ್ನು ಒಳಗೊಂಡಿದೆಯೋ ಅಥವಾ ಅದರೊಡನೆ ಕೂಡುತ್ತದೆಯೋ. ನಿಮ್ಮ ವಾರದ ನಿದ್ರೆಯೂ ನಿಮ್ಮ ಗಾಡಿಯಲ್ಲಿ ಕುಳಿತವರ ಕ್ಷೇಮವೂ ಈ ಮೂರರ ಮೇಲೆ ನಿಂತಿವೆ.